ಪಾತ್ರಿ ಎಂದಿದ್ದಳು

ಜಗಳ ಶುರುವಾದದ್ದು ಕುಂದಾಪುರದ ಓದು ಬಳಗದಲ್ಲಿ. ಓದಿದವರ ಜಗಳ ಅದು. ಯಾರೂ ದನಿ ಏರಿಸುವುದಿಲ್ಲ, ಚಾದ ಲೋಟ ಕೈಬಿಡುವುದಿಲ್ಲ, ಉಳಿದ ವಿಷವನ್ನು ಮನೆಗೆ ಹೋದ ಮೇಲೆ ಫೋನಿನಲ್ಲಿ ಕಕ್ಕುತ್ತಾರೆ.

ಟ್ಯೂಶನ್ ಕೇಂದ್ರವೊಂದರ ಮಹಡಿಯಲ್ಲಿ ತಿಂಗಳಿಗೊಮ್ಮೆ ಸೇರುವ ಬಳಗ. ಮಕ್ಕಳ ಹಳೆಯ ಅದ್ಭುತ ಕಥೆಗಳೊಳಗೆ ದೇವರು ಎಲ್ಲಿ ಅಡಗಿ ಕೂತಿದ್ದಾನೆ ಎಂಬುದು ಆ ತಿಂಗಳ ವಿಷಯ. ಎದುರಿಗಿದ್ದ ಪುಸ್ತಕ 'ಉಪ್ಪಿಲ್ಲದ ಕಡಲು'. ಯಾವುದೋ ಕಾಲದಲ್ಲಿ ಹೊರದೇಶದಿಂದ ಕನ್ನಡಕ್ಕೆ ಬಂದು, ಶಾಲೆಯ ಕಪಾಟುಗಳಲ್ಲಿ ಗೆದ್ದಲು ತಿಂದು ಉಳಿದದ್ದು. ಕಥೆ ಇಷ್ಟೇ. ಒಬ್ಬ ರಾಣಿ ಕಡಲಿನ ಉಪ್ಪನ್ನೆಲ್ಲ ಕದ್ದಿದ್ದಾಳೆ, ಮೀನುಗಳು ಸತ್ತು ತೇಲುತ್ತಿವೆ. ಇಬ್ಬರು ಮಕ್ಕಳು ಮಂಜು ದಾಟಿ ಆ ಕಡಲಿಗೆ ಬರುತ್ತಾರೆ. ಅವರನ್ನು ದೋಣಿಯಲ್ಲಿ ಕರೆದೊಯ್ಯುವ ಮುದುಕ ಆಗಾಗ ನಡುಗುತ್ತಾನೆ. ನಡುಗಿದಾಗ ಅವನ ಬಾಯಿಂದ ಕಡಲಿನ ಒಡೆಯನ ದನಿ ಬರುತ್ತದೆ. ಕೊನೆಗೆ ಮುದುಕ ನೀರಿಗಿಳಿದು ಕರಗಿ ಹೋಗುತ್ತಾನೆ, ಕಡಲು ಮತ್ತೆ ಉಪ್ಪಾಗುತ್ತದೆ. ಬೆಳಗಾದಾಗ ಮರಳಿನ ಮೇಲೆ ಅವನೇ ನಡೆದು ಬರುತ್ತಾನೆ.

"ಇದ್ ಕಥೆ ಅಲ್ಲ ಮಾರಾಯ್ರೆ, ಇದ್ ಇಗರ್ಜಿ ಪಾಠ," ಎಂದರು ಸುಧಾಕರ ಮೇಷ್ಟ್ರು. ಬೈಂದೂರಿನಿಂದ ಬಸ್ಸು ಹತ್ತಿ ಬರುವವರು, ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದವರು, ಬಳಗದ ತಿಂಗಳ ಟಿಪ್ಪಣಿಯನ್ನು ಬರೆದು ಫೇಸ್‌ಬುಕ್ಕಿಗೆ ಹಾಕುವವರು. "ಮುದ್ಕ ಸಾಯ್ತ, ಎದ್ದ್ ಬತ್ತ. ಇನ್ನೆಂತ ಬೇಕ್? ಗಂಟೆ ಒಂದ್ ಹೊಡಿಲಿಲ್ಲ, ಅಷ್ಟೇ."

ರೋಷನ್ ನಕ್ಕ. ಬ್ರಹ್ಮಾವರದವನು, ಅಲ್ಲೇ ಕನ್ನಡಕದ ಅಂಗಡಿ. ಆ ಕೋಣೆಯಲ್ಲಿ ಇಗರ್ಜಿಗೆ ಹೋಗುವ ಕ್ರೈಸ್ತ ಅವನೊಬ್ಬನೇ. "ಸರ್, ನಾನ್ ಸಣ್ಣಕಿಪ್ಪಾಗ ಆದಿತ್ಯವಾರ ಪೂಜೆ ಮುಗ್ಸಿ ಬಂದ್ ಈ ಪುಸ್ತಕ ಓದ್ತಿದ್ದೆ. ಎರಡೂ ಒಂದೇ ಅಂತ ಗೊತ್ತೇ ಆಯ್ಲಿಲ್ಲ. ಗೊತ್ತಾಗಿದ್ರೆ ಓದ್ತಿರ್ಲಿಲ್ಲ."

"ಅದೇ ಅಪಾಯ. ಗೊತ್ತಾಗ್ದೆ ಒಳಗ್ ಹೋಪ್ದ್."

"ನನ್ನೊಳಗೆ ಮೊದ್ಲೇ ಇದ್ದಿತ್ತಲ್ಲ ಸರ್. ಒಳಗ್ ಹೋಯ್ಕಾದ್ದೆಂತ?"

ನಿವೃತ್ತ ಹೆಡ್‌ಮಿಸ್ ಒಬ್ಬರು, ಮಕ್ಕಳಿಗೆ ನೀತಿ ಸಿಕ್ಕಿದರಾಯಿತು, ಯಾವ ದೇವರಾದರೇನು ಎಂದು ಬಿಸ್ಕತ್ತು ಮುರಿದರು. ಮೇಷ್ಟ್ರು ಅವರತ್ತ ತಿರುಗಿ, ನೀತಿ ಎಂಬುದೇ ದೊಡ್ಡ ಮೋಸ ಎಂದು ವಿವರಿಸತೊಡಗಿದರು. ಆ ಕೋಣೆಯಲ್ಲಿ ಎಲ್ಲರಿಗೂ ಅಭಿಪ್ರಾಯವಿತ್ತು. ಪುಸ್ತಕ ಯಾರಿಗೆಂದು ಬರೆದದ್ದೋ ಅವರು ಮಾತ್ರ ಅಲ್ಲಿರಲಿಲ್ಲ.

"ಮಕ್ಳ್ ಹತ್ರ ಒಂದ್ಸಲ ಕೇಂಬ," ಎಂದಳು ವಿನಯಾ.

ಹೆಮ್ಮಾಡಿಯ ವಿನಯಾ ಕುಂದಾಪುರದ ಜೆರಾಕ್ಸ್ ಅಂಗಡಿಯಲ್ಲಿ ಮದುವೆ ಕಾಗದ, ಅರ್ಜಿ, ಬಾಂಡ್ ಟೈಪ್ ಮಾಡುತ್ತಾಳೆ. ಭಾನುವಾರ ಮಧ್ಯಾಹ್ನ ಸೇತುವೆ ದಾಟಿ ಕೋಡಿಗೆ ಹೋಗಿ, ಭಜನಾ ಮಂದಿರದ ಮಹಡಿಯಲ್ಲಿ ಮೀನುಗಾರರ ಮಕ್ಕಳಿಗೆ ಪುಸ್ತಕ ಓದಿಸುತ್ತಾಳೆ. ಬಳಗದವರು ಅದನ್ನು 'ನಮ್ಮ ಕೋಡಿ ಶಾಖೆ' ಎಂದು ಕರೆಯುತ್ತಾರೆ. ಅಲ್ಲಿಗೆ ಹೋದವರು ಯಾರೂ ಇಲ್ಲ.

"ಕೇಣ್," ಎಂದರು ಮೇಷ್ಟ್ರು. "ಅವ್ರ್ ಹೇಳಿದ್ದನ್ನ ಮೊಬೈಲಗೆ ಹಿಡ್ದ್ ಕಳ್ಸ್. ಟಿಪ್ಪಣಿಗೆ ಹಾಕ್ತೆ."

* * *

ಕೋಡಿಯ ಮಕ್ಕಳಿಗೆ ಪುಸ್ತಕ ಹಿಡಿಸಿತು. ಉಪ್ಪಿಲ್ಲದ ಕಡಲಿನಲ್ಲಿ ಬಂಗುಡೆ ಬದುಕುತ್ತದೋ ಇಲ್ಲವೋ ಎಂದು ಅರ್ಧ ಗಂಟೆ ಕಿತ್ತಾಡಿದರು. ರಾಣಿ ಉಪ್ಪನ್ನು ಎಲ್ಲಿ ಬಚ್ಚಿಟ್ಟಳು, ಒಣಮೀನಿನ ವ್ಯಾಪಾರಕ್ಕೋ ಎಂದು ಒಬ್ಬ ಕೇಳಿದ. ಕೊನೆಗೆ ವಿನಯಾ ಫೋನು ಮುಂದಿಟ್ಟು, ಆ ದೋಣಿಯ ಮುದುಕ ಯಾರು ಅನಿಸಿತು ಎಂದು ಕೇಳಿದಾಗ ಎಲ್ಲರೂ ಒಟ್ಟಿಗೆ "ದೇವ್ರ್" ಎಂದರು. ಮಕ್ಕಳಿಗೆ ಗೊತ್ತಿರುತ್ತದೆ, ದೊಡ್ಡವರಿಗೆ ಯಾವ ಉತ್ತರ ಬೇಕೆಂದು.

"ದೇವ್ರಲ್ಲ," ಎಂದಳು ಪ್ರೇಕ್ಷಾ.

ಅವಳು ಯಾವಾಗಲೂ ಹಾಗೆಯೇ. ಏಳನೇ ಕ್ಲಾಸು, ಸಪೂರ, ಎರಡು ಜಡೆ. ಉಳಿದವರು ಚೆಂದ ಇತ್ತ್ ಎಂದು ಮುಗಿಸಿದರೆ ಅವಳು ನಂಗ್ ಹಾಂಗ್ ಕಾಂತಿಲ್ಲೆ ಎಂದು ಶುರು ಮಾಡುವಳು. ವಿನಯಾ ಬಸ್ಸಿಗೆ ದುಡ್ಡು ಕೊಟ್ಟು, ಬಿಸಿಲಿಗೆ ಮೈ ಕೊಟ್ಟು, ಮನೆಯಲ್ಲಿ ಮದುವೆಯ ಮಾತಿಗೆ ಬೆನ್ನು ಕೊಟ್ಟು ಅಲ್ಲಿಗೆ ಬರುತ್ತಿದ್ದದ್ದು ಆ ಒಂದು ವಾಕ್ಯ ಕೇಳುವುದಕ್ಕೆ.

"ಮತ್ತ್ ಯಾರ್?"

"ಅಂವ ಪಾತ್ರಿ ಅಕ್ಕ. ನಮ್ ಅಜ್ಜಯ್ಯನ ಹಾಂಗೆ."

ಪ್ರೇಕ್ಷಾಳ ಅಜ್ಜ ಬಚ್ಚ, ಕೋಡಿಯ ಕಡಲ ದೈವ ಬೊಬ್ಬರ್ಯನ ಗುಡಿಯ ಪಾತ್ರಿ. ವರ್ಷದ ದರ್ಶನ ಸೇವೆಯ ದಿನ ದೈವ ಬರುವುದು ಅವನ ಮೈಮೇಲೆ. ಅಡಿಕೆಯ ಹೂಗೊನೆ ಸಿಂಗಾರವನ್ನು ಎದೆಗೊತ್ತಿ ನಡುಗುತ್ತ ಅವನು ನುಡಿ ಕೊಟ್ಟರೆ ಬೋಟಿನ ಯಜಮಾನರೂ ಕೈ ಮುಗಿದು ಕೇಳಬೇಕು. ಉಳಿದ ದಿನ ಅವನು ಬಲೆ ಹೆಣೆಯುವ ಮುದುಕ. ಅದೇ ಯಜಮಾನರು ಹ್ವಾಯ್ ಬಚ್ಚ ಎಂದು ಕರೆದು ಬೀಡಿ ತರಿಸುತ್ತಾರೆ.

"ಮೈಮೇಲ್ ಬಂದಾಗ ದನಿ ಅವಂದಲ್ಲ," ಎಂದು ಪ್ರೇಕ್ಷಾ ಒಂದೇ ಉಸಿರಿನಲ್ಲಿ ಹೇಳಿದಳು. "ಇಳ್ದ್ ಮೇಲೆ ಅಂವ ಬರೇ ಮನ್ಷ. ಅಜ್ಜಯ್ಯ ದರ್ಶನ ಇಳ್ದ್ ಕೂಡ್ಲೇ ನೀರ್ ಕೇಂತ್ರ್. ಗಂಟ್ಲ್ ಒಣಗಿರತ್ತ್ ಅಲ್ದಾ. ಕಾಣಿ, ಪುಸ್ತಕದಗೂ ಅಂವ ನೀರ್ ಕೇಂಡಿದ. ಆ ಎರಡ್ ಮಕ್ಳ್ ಕೊಡ್ಲೇ ಇಲ್ಲ. ಒಡೆಯ ಎಂತ ಹೇಳ್ದ, ಎಂತ ಹೇಳ್ದ ಅಂತ ಅದನ್ನೇ ಕೇಂತಿದ್ದೊ. ಅದ್ಕೇ ಅಂವ ಕಡ್ಲಿಗ್ ಇಳ್ದದ್ದ್."

ವಿನಯಾ ಪುಟ ತಿರುವಿ ನೋಡಿದಳು. ಪುಸ್ತಕದಲ್ಲಿ ಆ ಸಾಲು ಇತ್ತು. ಬಳಗದ ಇಷ್ಟು ಜನ ಓದಿದ್ದರು. ಒಬ್ಬರ ಕಣ್ಣಿಗೂ ಆ ನೀರು ಬಿದ್ದಿರಲಿಲ್ಲ.

ಆ ಸಂಜೆಯೇ ಮಾತನ್ನು ಮೇಷ್ಟ್ರಿಗೆ ಕಳಿಸಿದಳು. ಹಿಂದೆ ಅಲೆಯ ಸದ್ದು, ಫ್ಯಾನಿನ ಸದ್ದು, ಹುಡುಗರ ಗಲಾಟೆ, ನಡುವೆ ಓಡುವ ಕುಂದಾಪ್ರ ಕನ್ನಡ.

* * *

ಟಿಪ್ಪಣಿ ಎರಡು ದಿನದಲ್ಲಿ ಬಂತು. ಟೈಪ್ ಮಾಡುತ್ತ ಕೂತಿದ್ದ ವಿನಯಾ ಅಂಗಡಿಯಲ್ಲೇ ಓದಿದಳು. ಮಕ್ಕಳ ಸಾಹಿತ್ಯದೊಳಗಿನ ಧರ್ಮಪ್ರಚಾರದ ಬಗ್ಗೆ ಉದ್ದನೆಯ ಬರಹ. ನಡುವೆ ದಪ್ಪಕ್ಷರದಲ್ಲಿ ಹೀಗಿತ್ತು: 'ಕೋಡಿಯ ಭಜನಾ ಮಂದಿರದ ಮಹಡಿಯಲ್ಲಿ ಈ ಪುಸ್ತಕ ಓದಿದ ಮೀನುಗಾರರ ಹುಡುಗಿ ಪ್ರೇಕ್ಷಾ ಒಂದೇ ಮಾತಿನಲ್ಲಿ ಮುಸುಕು ಸರಿಸಿದಳು: ಅವನು ಪಾದ್ರಿ. ವಿದ್ವಾಂಸರಿಗೆ ಕಾಣದ್ದು ಮಗುವಿಗೆ ಕಂಡಿತು.'

ಅವಳು ಹೊರಗೆ ಬಂದು ಫೋನು ಮಾಡಿದಳು.

"ಸರ್, ಅವ್ಳ್ ಪಾದ್ರಿ ಅನ್ಲಿಲ್ಲ. ಪಾತ್ರಿ ಅಂದದ್ದ್."

"ಪಾದ್ರಿ ಅಂದೇ ಕೇಂಡಿತ್ ಮಾರಾಯ್ತಿ ನಂಗೆ."

"ಬೊಬ್ಬರ್ಯನ ಪಾತ್ರಿ ಮೊಮ್ಮಗಳ್ ಸರ್ ಅವ್ಳ್. ಅಜ್ಜಯ್ಯನ ಹಾಂಗೆ ಅಂದಿದಳ್ ಕಾಣಿ. ನೀರಿನ್ ವಿಷ್ಯ ಹೇಳಿದಳ್."

"ನೀರಾ? ಅದ್ ಎಂತಕ್ಕೋ ಏನೋ ಅಂತ ನಾನ್ ಬಿಟ್ಟೆ." ಮೇಷ್ಟ್ರು ಮುಂದುವರಿಸಿದರು, "ಪಾದ್ರಿ ಅಂದಿದ್ರೇ ಲಾಯ್ಕ್ ಆತಿತ್ ವಿನಯ. ಲೇಖನಕ್ಕೆ ಸರಿ ಕೂರತ್ತ್."

ಅವರಿಗೆ ಪಾತ್ರಿ ಗೊತ್ತಿಲ್ಲದ್ದಲ್ಲ. ಬೈಂದೂರಿನಲ್ಲಿ ಅವರ ಮನೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ದೈವದ ಗುಡಿಯಿದೆ, ಹುಟ್ಟಿದಂದಿನಿಂದ ದರ್ಶನ ನೋಡಿದವರು. ಆದರೆ ಪುಸ್ತಕ ಹಿಡಿದು ಕೂತಾಗ ಅವರ ಕಿವಿ ಊರಿನದ್ದಾಗಿರಲಿಲ್ಲ. ಕಂಡುಹಿಡಿಯಬೇಕಾದ್ದನ್ನು ಮೊದಲೇ ಕಂಡುಹಿಡಿದು, ಸಾಕ್ಷಿಗಾಗಿ ಕಾಯುತ್ತಿದ್ದ ಕಿವಿ ಅದು.

ಅಷ್ಟು ಹೊತ್ತಿಗೆ ಯಾರೋ ಆ ದಪ್ಪಕ್ಷರದ ಸಾಲನ್ನಷ್ಟೇ ಕತ್ತರಿಸಿ ವಾಟ್ಸಾಪಿಗೆ ಬಿಟ್ಟಿದ್ದರು. ಮೇಲೊಂದು ತಲೆಬರಹ: 'ಭಜನಾ ಮಂದಿರದಲ್ಲಿ ಪಾದ್ರಿ ಪಾಠ. ಕೋಡಿಯ ಮಕ್ಕಳ ತಾಯಂದಿರೇ, ಎಚ್ಚರ.' ಧರ್ಮಪ್ರಚಾರವನ್ನು ಬಯಲು ಮಾಡಲು ಬರೆದ ಸಾಲು ಧರ್ಮಪ್ರಚಾರದ ಪುರಾವೆಯಾಗಿ ಗುಂಪಿನಿಂದ ಗುಂಪಿಗೆ ಹರಿಯಿತು. ಮೀನು ಮಾರ್ಕೆಟ್ಟಿನಲ್ಲಿ ಬುಟ್ಟಿಯ ಮುಂದೆ ಕೂತಿದ್ದ ಪ್ರೇಕ್ಷಾಳ ಅಮ್ಮ ಗುಲಾಬಿಗೆ ಅದನ್ನು ತೋರಿಸಿದ್ದು ಅವಳ ಬಳಿ ಕಾಣೆ ಮೀನು ಕೊಳ್ಳಲು ಬಂದ ಗಿರಾಕಿ. "ನಿಮ್ ಹೆಣ್ಣ್ ಅಲ್ದಾ ಇದ್?" ಎಂದು ಕೇಳಿ, ಮೀನು ಕೊಳ್ಳದೆ ಹೋದಳಂತೆ.

ಸಂಜೆ ರೋಷನ್ ಫೋನು ಮಾಡಿದ.

"ವಿನಯ, ಬಳಗದ ಗುಂಪಿಂದ ನಾನ್ ಹೊರಗ್ ಬಂದೆ. ಹೇಳಿ ಹೋಪ ಅಂತ ಮಾಡ್ದೆ."

"ನೀನೆಂತ ಮಾಡಿದ್ದೆ ಇದ್ರಗೆ?"

"ಎಂತ ಇಲ್ಲ. ಆದ್ರೆ ನಾಳೆ ಯಾರಾರೂ ಬಳಗದ ಹೆಸ್ರೆಲ್ಲ ಓದ್ತ್ರ್. ಎಲ್ಲರದ್ದೂ ಓದಿ ನಂದ್ ಬಂದಾಗ ನಿಲ್ಸ್ತ್ರ್. ಅಂಗಡಿ ಬಾಗ್ಲಿಗೆ ಗಾಜ್ ಇತ್ತ್ ಮಾರಾಯ್ತಿ." ಸ್ವಲ್ಪ ಬಿಟ್ಟು, "ಹೆದ್ರಿಕೆ ಅಂದ್ಕಂಬೇಡ," ಎಂದ. ಮತ್ತೆ ತಾನೇ, "ಹೆದ್ರಿಕೆಯೇ," ಎಂದ.

ಮೇಷ್ಟ್ರು ರಾತ್ರಿ ಊಟಕ್ಕೆ ಮುಂಚೆ ತಿದ್ದುಪಡಿ ಹಾಕಿದರು: 'ಪಾದ್ರಿ ಎಂಬಲ್ಲಿ ಪಾತ್ರಿ ಎಂದು ಓದಿಕೊಳ್ಳಬೇಕು.' ಅಕ್ಷರ ಸರಿಯಾಯಿತು. ಅದರೊಟ್ಟಿಗೆ ಎಲ್ಲವೂ ಸರಿಯಾಗುತ್ತದೆ ಎಂದು ವಿನಯಾ ನಂಬಿದಳು. ದಿನವಿಡೀ ಅಕ್ಷರ ತಿದ್ದುವುದೇ ಅವಳ ಕೆಲಸ, ಆ ನಂಬಿಕೆ ಅಲ್ಲಿಂದ ಬಂದದ್ದು.

* * *

ಮಂದಿರದ ಅಧ್ಯಕ್ಷ ಪ್ರೇಮಾನಂದ ಅವಳನ್ನು ಕರೆಸಿದ್ದು ಶನಿವಾರ, ಭಜನೆ ಶುರುವಾಗುವ ಮೊದಲು. ಎರಡು ಬೋಟಿನ ಯಜಮಾನ, ಮೆತ್ತಗೆ ಮಾತಾಡುವ ಮನುಷ್ಯ. ಮಹಡಿಯ ಕೋಣೆಯನ್ನು ಮಕ್ಕಳಿಗೆ ಬಿಟ್ಟುಕೊಟ್ಟದ್ದು, ಟ್ಯೂಬ್‌ಲೈಟ್ ಹಾಕಿಸಿದ್ದು ಅವನೇ. ಕೆಟ್ಟವನೆಂದು ಬರೆದು ಮುಗಿಸಿಬಿಡುವುದಕ್ಕೆ ಬರುವಂಥವನಲ್ಲ ಅವನು. ಅದೇ ಕಷ್ಟ.

ಮೆಟ್ಟಿಲಿನ ಬುಡದಲ್ಲಿ ಗುಲಾಬಿ ಮಗಳ ಕೈ ಹಿಡಿದು ನಿಂತಿದ್ದಳು. ಮಾರ್ಕೆಟ್ಟಿನಿಂದ ನೇರ ಬಂದಿದ್ದಳು, ಸೀರೆಯ ಅಂಚು ಒದ್ದೆ.

"ಗುಲಾಬಕ್ಕ, ಹೆದ್ರ್ಬೇಡಿ. ಅವ್ಳ್ ತಪ್ಪೆಂತ ಹೇಳ್ಲಿಲ್ಲೆ," ಎಂದಳು ವಿನಯಾ.

"ತಪ್ಪೋ ಸರಿಯೋ, ಹೇಳ್ದಳಲ್ಲ," ಎಂದಳು ಗುಲಾಬಿ. "ನೀವ್ ಎಂತಕ್ ಕೇಂಡದ್ದ್ ಹೆಣ್ಣೆ? ಓದ್ಸುಕೆ ಬಂದವ್ರ್ ಓದ್ಸಿ ಹೋಯ್ಕಿದ್ದಿತ್. ನಮ್ ಮಕ್ಳಿಗೆ ಎಂತ ಅನ್ಸತ್ತ್ ಅಂತ ಕೇಂಬುಕೆ ಯಾರ್ ಹೇಳ್ದ್?"

ಒಳಗೆ ಚಾಪೆಯ ಮೇಲೆ ಹತ್ತು ಹನ್ನೆರಡು ಗಂಡಸರು. ಗೋಡೆಗೊರಗಿ, ಮೊಣಕಾಲು ತಬ್ಬಿಕೊಂಡು ಬಚ್ಚ. ಅವನ ಬೆರಳುಗಳಲ್ಲಿ ಬಲೆಯ ನೂಲು ಹೊಸೆದ ಗಾಯದ ಗೆರೆಗಳು. ಮೊಮ್ಮಗಳು ಬಂದದ್ದನ್ನು ನೋಡಿ ಅವನು ನೆಲ ನೋಡಿದ.

"ಪಾದ್ರಿ ಅಂದದ್ದಾ, ಪಾತ್ರಿ ಅಂದದ್ದಾ?" ಎಂದು ಪ್ರೇಮಾನಂದ ಶುರು ಮಾಡಿದ. "ಮೊದ್ಲ್ ಅದೊಂದ್ ಇತ್ಯರ್ಥ ಆಯ್ಲಿ."

ವಿನಯಾ ಫೋನು ಹೊರತೆಗೆದು ಕೇಳಿಸಿದಳು. ಅಲೆ, ಫ್ಯಾನು, ಗಲಾಟೆ, ಪ್ರೇಕ್ಷಾಳ ದನಿ. ಅರ್ಧ ಜನ ತ ಎಂದರು, ಅರ್ಧ ಜನ ದ ಎಂದರು. ಇನ್ನೊಂದು ಸಲ ಹಾಕು ಎಂದರು. ಮೂರನೇ ಸಲಕ್ಕೆ ಒಬ್ಬ, "ಇದ್ ಮಿಶಿನ್, ಹ್ಯಾಂಗ್ ಬೇಕೋ ಹಾಂಗ್ ಮಾಡ್ಲಕ್," ಎಂದ. ಆ ದನಿಯ ಹುಡುಗಿ ಅಲ್ಲೇ ಬಾಗಿಲಲ್ಲಿ ನಿಂತಿದ್ದಳು. ಅವಳನ್ನು ಕೇಳಿದರೆ ಮುಗಿಯುತ್ತಿತ್ತು. ಕೇಳಲಿಲ್ಲ.

"ಪಾತ್ರಿ," ಎಂದ ಬಚ್ಚ, ಕತ್ತೆತ್ತದೆ. "ನಮ್ಮ್ ಹೆಣ್ಣ್ ಪಾತ್ರಿ ಅಂದೇ ಹೇಳ್ದ್. ನಂಗ್ ಗೊತ್ತಾತ್ತ್."

ವಿನಯಾಳಿಗೆ ಉಸಿರು ಬಂತು. ಆದರೆ ಕೋಣೆಯಲ್ಲಿ ಯಾರೂ ಹಗುರಾಗಲಿಲ್ಲ.

"ಹಾಂಗಾರೆ ಕಷ್ಟ ಆಯ್ತ್ ಬಚ್ಚಣ್ಣ," ಎಂದ ಪ್ರೇಮಾನಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾದ ಬೇಸರವಿತ್ತು. "ಪಾದ್ರಿ ಅಂದಿದ್ರೆ ಸಣ್ ಮಗು, ಗೊತ್ತಿಲ್ದೆ ಹೇಳ್ತ್ ಅಂದ್ ಬಿಡ್ಲಕ್ಕಿತ್. ಪಾತ್ರಿ ಅಂದ್ರೆ? ನಮ್ ಬೊಬ್ಬರ್ಯನ್ನ ತಕಂಡ್ ಹೋಯ್ ಅವ್ರ್ ಪುಸ್ತಕದಗೆ ಕೂರ್ಸಿದ ಹಾಂಗಾಯ್ತ್. ನಾಳೆ ಯಾರೋ ಬರಿತ್ರ್, ಕೋಡಿ ಪಾತ್ರಿಯೂ ಕಥೆಯ ಮುದ್ಕನೂ ಒಂದೇ, ಎರಡೂ ಬರೇ ಕಥೆ ಅಂತ. ಆಗ ಎಂತ ಮಾಡುದ್?"

"ಬರಿತ್ರ್ ಅಂತ ಅಲ್ಲ, ಬರ್ದ್ ಆಯ್ತ್," ಎಂದ ಮತ್ತೊಬ್ಬ. "ತಿದ್ದುಪಡಿ ಹಾಕಿದ್ರ್ ಗಡ."

ವಿನಯಾಳ ನಾಲಿಗೆಯ ತುದಿಗೆ ಒಂದು ಮಾತು ಬಂತು. ಬೊಬ್ಬರ್ಯನ ಹುಟ್ಟಿನ ಕಥೆಯಲ್ಲೇ ಹಡಗಿನ ವ್ಯಾಪಾರಿ ಮುಸ್ಲಿಂ ಬ್ಯಾರಿಯೊಬ್ಬ ಅಪ್ಪನಾಗಿ ಬರುತ್ತಾನೆ, ಈ ಕಡಲಿನ ಯಾವ ದೈವ ಯಾರ ಗಡಿ ಕೇಳಿ ದಡಕ್ಕೆ ಬಂದಿದೆ ಎಂದು ಕೇಳಬೇಕೆನಿಸಿತು. ಅಲ್ಲಿದ್ದ ಪ್ರತಿಯೊಬ್ಬನಿಗೂ ಆ ಕಥೆ ಗೊತ್ತಿತ್ತು. ಹೇಳಿದ್ದರೆ ಯಾರೂ ಇಲ್ಲ ಎನ್ನುತ್ತಿರಲಿಲ್ಲ, ಹೇಳಿದ್ದಕ್ಕೆ ಮಾತ್ರ ಬಿಡುತ್ತಿರಲಿಲ್ಲ. ಅವಳು ಬಾಗಿಲ ಬಳಿಯ ಗುಲಾಬಿಯ ಮುಖ ನೋಡಿ ಸುಮ್ಮನಾದಳು.

"ಈಗ ಒಂದ್ ಗೊತ್ತಾಯ್ಕ್," ಎಂದ ಪ್ರೇಮಾನಂದ. "ಈ ಮಾತ್ ಮಗುವಿನ ತಲೇಲಿ ತನ್ನಷ್ಟಕ್ಕೆ ಬಂದದ್ದಾ, ಯಾರಾರೂ ಹಾಕಿದ್ದಾ? ಮನೇಲೇ ಹುಟ್ಟಿದ್ ಮಾತಾದ್ರೆ ಪಾತ್ರಿ ಮನೆಯಗೇ ದೈವದ ಮೇಲೆ ಸಸಾರ ಬಂತ್ ಅಂತ ಲೆಕ್ಕ. ಹಾಂಗಾರೆ ಈ ಸಲದ ಸಿಂಗಾರ ಬಚ್ಚಣ್ಣನ ಕೈಗೆ ಕೊಡುಕಾತ್ತಿಲ್ಲ. ಊರ್ ಒಪ್ಪುದಿಲ್ಲ. ಹೊರಗಿನವ್ರ್ ಹೇಳ್ ಕೊಟ್ಟದ್ದಾದ್ರೆ ಮನೆಗೆ ದೋಷ ಇಲ್ಲ."

ಪ್ರೇಮಾನಂದನ ಭಾವನ ಮಗನೊಬ್ಬ ಎರಡು ವರ್ಷದಿಂದ ದರ್ಶನದ ದಿನ ಗುಂಪಿನ ನಡುವೆ ದೈವ ಬಂದವನಂತೆ ಸಣ್ಣಗೆ ನಡುಗುತ್ತಿದ್ದಾನೆ ಎಂಬುದು ಕೋಡಿಗೆಲ್ಲ ಗೊತ್ತಿತ್ತು. ಸಿಂಗಾರ ಒಮ್ಮೆ ಕೈಬಿಟ್ಟರೆ ಮರಳಿ ಬರುವುದಿಲ್ಲ ಎಂಬುದು ಬಚ್ಚನಿಗೆ ಗೊತ್ತಿತ್ತು. ವರ್ಷದ ಆ ಒಂದು ದಿನ ತೆಗೆದರೆ ಅವನಲ್ಲಿ ಉಳಿಯುವುದು ಬಲೆಯ ನೂಲು ಮತ್ತು ಯಾರದೋ ಬೀಡಿ.

"ಬಾ ಮಗಾ, ಇಲ್ ಬಾ," ಎಂದ ಪ್ರೇಮಾನಂದ, ಚಾಪೆಯ ಅಂಚನ್ನು ತಟ್ಟಿ. "ಹೆದ್ರ್ಬೇಡ. ನಂಗೂ ನಿನ್ನ್ ಪ್ರಾಯದ್ ಮಗಳ್ ಇತ್ತ್. ಹೇಳ್, ನಿಂಗೇ ಹಾಂಗ್ ಅನ್ಸಿದ್ದಾ? ಅಕ್ಕ ಹೇಳ್ ಕೊಟ್ಟದ್ದಾ?"

ಪ್ರೇಕ್ಷಾ ಅಮ್ಮನ ಕಡೆ ತಿರುಗಿದಳು. ಗುಲಾಬಿ ಸೆರಗಿನ ತುದಿಯಿಂದ ಬಾಯಿ ಒರೆಸಿಕೊಂಡಳು. ಹುಡುಗಿ ಅಜ್ಜನನ್ನು ನೋಡಿದಳು. ಬಚ್ಚನ ಕೈ ತೊಡೆಯ ಮೇಲೆ ಸಣ್ಣಗೆ ನಡುಗುತ್ತಿತ್ತು. ಅದು ದೈವದ ನಡುಕವಲ್ಲ. ಯಾರಿಗೆ ಗೊತ್ತಾಗದಿದ್ದರೂ ಪ್ರೇಕ್ಷಾಳಿಗೆ ಗೊತ್ತಾಗುವಂಥದ್ದು.

"ಅಕ್ಕ ಹೇಳ್ ಕೊಟ್ಟದ್," ಎಂದಳು.

ಮಕ್ಕಳು ಪಾಠ ಒಪ್ಪಿಸುವ ದನಿ ಅದು. ಅವಳ ಬಾಯಲ್ಲಿ ಆ ದನಿಯನ್ನು ವಿನಯಾ ಅಲ್ಲಿಯವರೆಗೆ ಕೇಳಿರಲಿಲ್ಲ.

ಎಲ್ಲರೂ ವಿನಯಾಳನ್ನು ನೋಡಿದರು. ಅಲ್ಲ ಎಂದರೆ ಮಗು ಸುಳ್ಳಿಯಾಗುತ್ತಾಳೆ, ಮುದುಕನ ಕೈಯಿಂದ ಸಿಂಗಾರ ಹೋಗುತ್ತದೆ. ಹೌದು ಎಂದರೆ ಆ ಮಾತು, ಆ ನೀರು, ಎಲ್ಲ ತನ್ನದಾಗುತ್ತದೆ.

"ಹೌದು. ನಾನೇ ಹೇಳಿಕೊಟ್ಟದ್ದು," ಎಂದಳು.

ಪ್ರೇಮಾನಂದ ನಿಡಿದಾಗಿ ಉಸಿರು ಬಿಟ್ಟ. "ಆಯ್ತಲ್ಲ. ಮುಗೀತ್," ಎಂದ. "ನಿಮ್ಮ್ ಮೇಲ್ ಸಿಟ್ಟಿಲ್ಲೆ ಕಾಣಿ ನಮ್ಗೆ. ಪುಸ್ತಕ ಎಲ್ಲ ತಕಂಡ್ ಹೋಯ್ನಿ. ಕೋಣೆ ನಮ್ಗೂ ಬೇಕಿದ್ದಿತ್, ತಾಳ ತಂಬೂರಿ ಇಡುಕೆ." ಒಬ್ಬ ಹುಡುಗನನ್ನು ಕಳಿಸಿ ಅವಳಿಗೆ ಚಾ ತರಿಸಿದ. ಅವಳು ಕುಡಿದಳು. ಕುಡಿಯದಿದ್ದರೆ ಅದಕ್ಕೂ ಒಂದು ಅರ್ಥ ಹುಟ್ಟುತ್ತಿತ್ತು.

ಪುಸ್ತಕಗಳು ಮೀನಿನ ಎರಡು ಪ್ಲಾಸ್ಟಿಕ್ ಕ್ರೇಟಿನಲ್ಲಿ ಹಿಡಿಸಿದವು. ರಿಕ್ಷಾದಲ್ಲಿ ಸೇತುವೆ ದಾಟುವಾಗ ಕ್ರೇಟಿನ ತಳದ ಹಳೆಯ ನೀರು ಕೆಳಗಿನ ಪುಸ್ತಕಗಳಿಗೆ ಹತ್ತಿತು. 'ಉಪ್ಪಿಲ್ಲದ ಕಡಲು' ಕೆಳಗೇ ಇತ್ತು.

* * *

ಮುಂದಿನ ತಿಂಗಳು ಬಳಗದಲ್ಲಿ ಓದುಗನ ಸ್ವಾತಂತ್ರ್ಯದ ಕುರಿತು ಚರ್ಚೆಯಾಯಿತು. ಮೇಷ್ಟ್ರು ಚೆನ್ನಾಗಿ ಮಾತಾಡಿದರು. ಕೋಡಿಯ ಘಟನೆಯನ್ನು ಉದಾಹರಣೆಗೆ ತೆಗೆದುಕೊಂಡು, ಊರಿನ ಹೆಸರು ಹೇಳದೆ, ಮತ್ತೊಂದು ಟಿಪ್ಪಣಿ ಬರೆದರು. ಮೊದಲಿನದ್ದಕ್ಕಿಂತ ಹೆಚ್ಚು ಜನ ಮೆಚ್ಚಿದರು. ಅದರಲ್ಲಿ ಮಂದಿರದವರಿದ್ದರು, ಮೂಢನಂಬಿಕೆಯಿತ್ತು, ಬಲಿಯಾದ ಮಗುವಿತ್ತು. ತಪ್ಪು ಕೇಳಿಸಿಕೊಂಡ ಕಿವಿ ಇರಲಿಲ್ಲ. ರೋಷನ್‌ನ ಖಾಲಿ ಕುರ್ಚಿಯ ಮೇಲೆ ಯಾರದೋ ಚೀಲ ಕೂತಿತ್ತು. ವಿನಯಾ ಅರ್ಧದಲ್ಲಿ ಎದ್ದು, ಬಸ್ಸಿಗೆ ಹೊತ್ತಾಯಿತು ಎಂದು ಕೆಳಗಿಳಿದಳು. ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ.

ಕೋಡಿಯಲ್ಲಿ ದರ್ಶನ ಸೇವೆ ಮುಗಿದ ಮರುವಾರ, ಅಂಗಡಿಯ ಊಟದ ಬಿಡುವಿನಲ್ಲಿ ಅವಳು ಮೀನು ಮಾರ್ಕೆಟ್ಟಿಗೆ ಹೋದಳು. ಬೇಕೆಂದೇ ಹೋದದ್ದು. ಗುಲಾಬಿಯ ಬುಟ್ಟಿಯ ಹಿಂದೆ ಪ್ರೇಕ್ಷಾ ಕೂತು ಸಿಗಡಿ ಸಿಪ್ಪೆ ಬಿಡಿಸುತ್ತಿದ್ದಳು. ಶಾಲೆಗೆ ರಜೆ.

"ಬನ್ನಿ ಹೆಣ್ಣೆ," ಎಂದಳು ಗುಲಾಬಿ. ಮುಖದಲ್ಲಿ ಸಿಟ್ಟಿರಲಿಲ್ಲ, ಸಲಿಗೆಯೂ ಇರಲಿಲ್ಲ. "ಬೂತಾಯಿ ಲಾಯ್ಕಿತ್ತ್, ಕಾಣಿ."

"ಕೊಡಿ ಗುಲಾಬಕ್ಕ." ವಿನಯಾ ಬಗ್ಗಿದಳು. "ಪ್ರೇಕ್ಷಾ, ಹ್ಯಾಂಗಿದ್ದೆ?"

"ಲಾಯ್ಕಿದ್ದೆ."

"ದರ್ಶನ ಚೆಂದ ಆಯ್ತಾ? ಅಜ್ಜಯ್ಯನೇ ಸಿಂಗಾರ ಹಿಡ್ದದ್ದ್ ಅಲ್ದಾ?"

"ಹ್ಞಾಂ."

"ಆಯ್ತ್, ಬಾರೀ ಚೆಂದ ಆಯ್ತ್," ಎಂದು ಗುಲಾಬಿ ನಡುವೆ ಬಂದಳು. ಬೂತಾಯಿಯನ್ನು ಪ್ಲಾಸ್ಟಿಕ್ಕಿಗೆ ತುಂಬುತ್ತ ಹೇಳುತ್ತಲೇ ಹೋದಳು. "ಬೋಟಿನವ್ರಿಗೆಲ್ಲ ಒಳ್ಳೆ ನುಡಿ ಆಯ್ತ್. ಪ್ರೇಮಾನಂದಣ್ಣಂಗಂತೂ ನಿಂತ್ಕಂಡ್ ಹೇಳ್ತ್ ದೈವ, ನಿನ್ನ್ ಮಂದಿರ ನಾನ್ ಕಾಯ್ತೆ ಅಂತ. ಎಲ್ಲರ್ ಕಣ್ಣಗೂ ನೀರ್. ಇಷ್ಟ್ ವರ್ಷ್ದಗೆ ಅಂತಾ ದರ್ಶನ ನಾ ಕಾಣ್ಲಿಲ್ಲ."

ಪ್ರೇಕ್ಷಾ ಸಿಗಡಿಯ ತಲೆ ಚಿವುಟುತ್ತಿದ್ದಳು. ಒಂದೊಂದನ್ನೂ ಒಂದೇ ರೀತಿ.

ವಿನಯಾಳಿಗೆ ಕೇಳಬಾರದೆಂದು ಗೊತ್ತಿತ್ತು. ಕೇಳದೆ ಹೋದರೆ ತಾನು ಅಲ್ಲಿಗೆ ಬಂದದ್ದೇ ಸುಳ್ಳೆಂದೂ ಗೊತ್ತಿತ್ತು.

"ಇಳ್ದ್ ಮೇಲೆ ಅಜ್ಜಯ್ಯ ನೀರ್ ಕೇಂಡ್ರಾ?"

ಹುಡುಗಿಯ ಕೈ ನಿಂತಿತು.

"ಇಲ್ಲ," ಎಂದಳು ಗುಲಾಬಿ, ಸಹಜವಾಗಿ. "ಈ ಸಲ ಕೇಂಡ್ಲಿಲ್ಲ. ನಾನ್ ಲೋಟ ಹಿಡ್ಕಂಡ್ ನಿಂತದ್ದೇ ಬಂತ್. ಬ್ಯಾಡ ಅಂದ್ರ್."

ಗಂಟಲು ಒಣಗದ ದರ್ಶನ. ಅಷ್ಟು ಹೊತ್ತು ಮಾತಾಡಿದ್ದು ಯಾರ ದನಿ ಎಂಬುದು ಮೂವರಲ್ಲಿ ಇಬ್ಬರಿಗೆ ತಿಳಿಯಿತು. ಮೂರನೆಯವಳಿಗೂ ತಿಳಿದಿದ್ದಿರಬೇಕು. ಅವಳು ಪಕ್ಕದ ಬುಟ್ಟಿಯವಳ ಹತ್ತಿರ ಚಿಲ್ಲರೆ ಕೇಳಲು ಆ ಕಡೆ ತಿರುಗಿಕೊಂಡಳು.

"ನಿಂಗೆ ಎಂತ ಅನ್ಸಿತ್ ಮಗಾ?" ವಿನಯಾ 'ಅಲ್ಲ, ನಂಗ್ ಹಾಂಗ್ ಕಾಂತಿಲ್ಲೆ' ಎಂಬ ಮಾತಿಗಾಗಿ ಕಾದಳು. ಸಿಟ್ಟಿನಿಂದ ಬಂದರೂ ಸರಿ, ಅಳುತ್ತ ಬಂದರೂ ಸರಿ. ತನ್ನನ್ನು ಬೈದು ಬಂದರೂ ಸರಿ.

ಪ್ರೇಕ್ಷಾ ಕತ್ತೆತ್ತಿ ನೋಡಿದಳು. ಆ ಕಣ್ಣುಗಳಲ್ಲಿ ಭಯವಿರಲಿಲ್ಲ, ಮುನಿಸೂ ಇರಲಿಲ್ಲ. ಟೀಚರ್ ಕೇಳಿದ ಪ್ರಶ್ನೆ ಸರಿಯಾಗಿ ಕೇಳಿಸದ ಮಗುವಿನ ವಿಧೇಯತೆಯಷ್ಟೇ ಇತ್ತು.

"ಎಂತ ಹೇಳ್ಕ್ ಅಕ್ಕ?" ಎಂದಳು. "ನೀವೇ ಹೇಳ್ ಕೊಡಿ."